ಚೆಲುವಿಯ ಮೇಲೆ ಹದಿನಾಲ್ಕು ದಿನದ ನಿಗಾ

ಓಲ್ಡ್ ಟೌನ್, ಭದ್ರಾವತಿ
18 ಜುಲೈ 2001

ಪ್ರೀತಿಯ ಮೈತ್ರಿ,

ಮೊದಲಿಗೆ ಶುಭವಾರ್ತೆ: ನಿಮ್ಮ ಹಸು ಚೆಲುವಿಗೆ ಹುಚ್ಚಿಲ್ಲ. ಅವಳ ವೈದ್ಯನ ಬಗ್ಗೆ ಅಷ್ಟು ಖಚಿತವಾಗಿ ಹೇಳಲಾರೆ.

ನೀನು ಹೊಸಮನೆಯ ತವರಿಗೆ ಹೋಗಿ ಇವತ್ತಿಗೆ ಒಂದು ತಿಂಗಳು. ತಪ್ಪು ನನ್ನದೇ. ವಿಲಾಯಿತಿಯಲ್ಲಿ ಹುಚ್ಚು ಹಸು ರೋಗ ಬಂತೆಂದು, ನಡುಗಿ ತೂರಾಡಿ ಸತ್ತ ದನಗಳ ಮಿದುಳಿನ ಮಾದರಿ ಕಳುಹಿಸಲು ನಮ್ಮ ಪಶುವೈದ್ಯ ಇಲಾಖೆ ಹೇಳಿತ್ತು. ಆಸ್ಪತ್ರೆಯ ಫ್ರಿಜ್ ಕೆಟ್ಟಿತ್ತು. ಒಂದು ದಿನದ ಮಟ್ಟಿಗೆ ತಾನೇ ಎಂದು ಮಾದರಿಯ ಡಬ್ಬಿಯನ್ನು ಮನೆಗೆ ತಂದು ನಿನ್ನ ದೋಸೆ ಹಿಟ್ಟಿನ ಪಕ್ಕ ಇಟ್ಟೆ. ಅದು ಚಟ್ನಿಯಲ್ಲವೆಂದು ನಿನಗೆ ತಿಳಿದದ್ದು ಮುಚ್ಚಳ ತೆಗೆದ ಮೇಲೆ. ಈ ಮನೇಲಿ ಮಿದುಳು ಇರೋದು ಫ್ರಿಜ್ಜಲ್ಲಿ ಮಾತ್ರ ಅಂತ ಅಂದು ಹೊರಟೆ.

ಆಮೇಲೆ ನಿಮ್ಮ ಮನೆಯಿಂದ ಅತ್ತೆಯ ಫೋನ್: ತಾವು ಕೈ ಉಳುಕಿ ಬಟ್ಟೆ ಸುತ್ತಿಕೊಂಡಿದ್ದೇವೆ, ನೀನು ಹಾಲು ಕರೆಯಲು ಹೋದರೆ ಚೆಲುವಿ ಬೆಚ್ಚುತ್ತಾಳೆ, ನಡುಗುತ್ತಾಳೆ, ಒದೆಯುತ್ತಾಳೆ. ಮೂರೂ ನಮ್ಮ ರೋಗಲಕ್ಷಣದ ಪಟ್ಟಿಯಲ್ಲಿವೆ. ಹದಿನಾಲ್ಕು ದಿನ ನಿಗಾ ಎಂದು ಬರೆದೆ; ದಿನಾ ಬಸ್ಸು ಹಿಡಿದು ಬಂದೆ. ಅಳಿಯಂದ್ರೇ, ನಮ್ ಚೆಲುವಿಗೆ ಹುಚ್ಚು ಅಂತ ಬರದ್ರೆ ನಿಮ್ ತಲೇನೇ ಪರೀಕ್ಷೆಗೆ ಕಳಿಸ್ತೀನಿ ಅಂತ ಅತ್ತೆ ನಿನ್ನೆದುರೇ ಗುಡುಗಿದರು. ನೀನೋ, ನನ್ನನ್ನು ಕಂಡರೆ ಬೆಚ್ಚಿ ಒಳಗೆ ನಡೆಯುತ್ತಿದ್ದೆ. ಎಂಟನೆಯ ದಿನ ಮಾತ್ರ ಕಾಫಿ ಲೋಟವನ್ನು ಕಿಟಕಿಯಲ್ಲಿಟ್ಟು ಹೋದೆ. ವರದಿಯ ಅವತ್ತಿನ ಕಾಲಂನಲ್ಲಿ ‘ಸ್ವಲ್ಪ ಸುಧಾರಣೆ’ ಎಂದು ಬರೆದೆ. ಹಸುವಿನ ಬಗ್ಗೆ ಅಲ್ಲ.

ನಿನ್ನೆ ಕೊನೆಯ ದಿನ. ವರದಿಗೆ ಪುರಾವೆ ಬೇಕಿತ್ತು. ನೀನು ಪಾಠ ಹೇಳಲು ಶಾಲೆಗೆ ಹೋದ ಮೇಲೆ ಅತ್ತೆಯ ಹಳೇ ಹಸಿರು ಸೀರೆಯನ್ನು ಪ್ಯಾಂಟಿನ ಮೇಲೆ ಸುತ್ತಿ, ಸೆರಗು ಹೊದ್ದು ಹಾಲು ಕರೆಯಲು ಕೂತೆ. ಚೆಲುವಿ ಮೂಸಿ ನೋಡಿ ತೆಪ್ಪಗೆ ಎರಡು ಲೀಟರ್ ಹಾಲು ಬಿಟ್ಟಳು. ರೋಗವೂ ಇಲ್ಲ, ಏನೂ ಇಲ್ಲ. ಅತ್ತೆಯ ಸೀರೆಗೆ ಒಗ್ಗಿದ ಅವಳಿಗೆ ನಿನ್ನ ಸೀರೆಯ ವಾಸನೆ ಹೊಸದು, ಅಷ್ಟೇ. ಪಕ್ಕದ ಮನೆಯ ದುರ್ಗಮ್ಮ ಇಣುಕಿ, ಏನ್ ಡಾಕ್ಟ್ರೇ, ಕೆಲ್ಸ ಹೋಯ್ತಾ ಮಾರಾಯ್ರೇ ಅಂತ ಕೇಳಿದರು. ಸುದ್ದಿ ನಿನಗೆ ಮುಟ್ಟಿರಲೇಬೇಕು.

ವರದಿ ಹೋಯಿತು. ಇನ್ನು ನಿಮ್ಮ ಮನೆಗೆ ಬರಲು ನನಗೆ ನೆಪವಿಲ್ಲ. ಅದಕ್ಕೇ ಈ ಪತ್ರ. ಆಸ್ಪತ್ರೆಗೆ ಹೊಸ ಫ್ರಿಜ್ ಬಂದಿದೆ. ನಮ್ಮದನ್ನು ಮೂರು ಸಲ ತೊಳೆದಿದ್ದೇನೆ. ಒಳಗಿರುವುದು ನಿಂಬೆಹಣ್ಣು ಮಾತ್ರ. ಭಾನುವಾರ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತೇನೆ. ಬಾ.

ನಿಗಾದಲ್ಲಿರುವ, ನಿನ್ನ
ಜಯಕುಮಾರ್

ತಾ.ಕ.: ಸೀರೆಯ ಗುಟ್ಟನ್ನು ಅತ್ತೆ ಮೊದಲ ದಿನವೇ ನನ್ನ ಕಿವಿಯಲ್ಲಿ ಹೇಳಿದ್ದರು. ಹದಿನಾಲ್ಕು ದಿನ ಪೂರ್ತಿ ಬನ್ನಿ ಅಂದವರೂ ಅವರೇ. ಒಂದು ಸಲ ಅವರ ಕೈಗೆ ಸುತ್ತಿದ ಬಟ್ಟೆ ಬಿಚ್ಚಿ, ಉಳುಕು ಎಲ್ಲಿದೆ ಅಂತ ಹುಡುಕಿ ನೋಡು.