ಕಟಾಂಜನವಿದ್ದ ಜಾಗ

ಚಿರಂಜೀವಿ ಮಗನಿಗೆ ಆಶೀರ್ವಾದಗಳು.

ನಿನ್ನ ಸೋದರತ್ತೆಗೆ ನೀನು ಬರೆದದ್ದರಲ್ಲಿ ಒಂದು ತಪ್ಪಿದೆ. ‘ಅಮ್ಮ ಕಟಾಂಜನ ಹಿಡಿಯದೆ ಮೆಟ್ಟಿಲಿಳಿದು ಬಿದ್ದಳು’ ಎಂದಿದ್ದೀಯೆ. ಹಿಡಿಯದಿರಲು ಅದು ಅಲ್ಲಿರಬೇಕಿತ್ತು. ತಿದ್ದುವುದು ತಡವಾಯಿತು, ಕ್ಷಮೆಯಿರಲಿ. ಮೇಲಿನ ಅಂತಸ್ತಿನಲ್ಲೇ ಇರುವವನಿಗೆ ಪತ್ರವೇಕೆ ಎನ್ನಬೇಡ. ಬಾಯಲ್ಲಿ ಹೇಳಿದರೆ ನಿನ್ನ ಅಮ್ಮನ ಹಾಸಿಗೆಯವರೆಗೂ ಕೇಳಿಸುತ್ತದೆ.

ಕಟಾಂಜನವೆಂದರೆ ಕೈಯಾಡಿಸುವ ನುಣುಪಾದ ಮರದ ಪಟ್ಟಿಯಷ್ಟೇ ಅಲ್ಲ. ಮೆಟ್ಟಿಲು ಮೆಟ್ಟಿಲಿಗೂ ನೆಟ್ಟ ಕಡೆದ ಕಂಬಿಗಳು, ತಿರುವಿನ ದಪ್ಪ ಕಂಬ, ಮೇಲಿನ ಪಟ್ಟಿ ಎಲ್ಲವೂ ಸೇರಿ ಮನುಷ್ಯನನ್ನು ಬೀಳದಂತೆ ತಡೆದರೆ ಮಾತ್ರ ಆ ಹೆಸರು ಸಲ್ಲುತ್ತದೆ. ಬಿಚ್ಚಿ ಹಿತ್ತಲ ಗೋಡೆಗೆ ಒರಗಿಸಿದ ಮೇಲೆ ಅದು ಸೌದೆ.

ನಿನ್ನ ಹೊಸ ಬೀರು ಬಂದ ದಿನ ಬಡಗಿ, “ಮೇಷ್ಟ್ರೇ, ಕಟಾಂಜನ ಬಿಚ್ಚದೆ ಇದು ತಿರುವು ದಾಟಲ್ಲ. ಸಂಜೆಗೆ ಮತ್ತೆ ಕೂರಿಸಿಕೊಡ್ತೀನಿ” ಎಂದ. ಸಂಜೆ ನೀನೇ ಅವನನ್ನು ತಡೆದೆ.

“ಆ ಹಳೇದು ಯಾಕೆ? ಗಾಜಿಂದು ಹಾಕ್ಸೋಣ.”

“ಅಲ್ಲಿವರೆಗೆ ಒಂದು ಹಗ್ಗವಾದ್ರೂ ಕಟ್ಟಪ್ಪ” ಎಂದೆ.

“ಅಪ್ಪಾ, ಇದು ಮನೆ. ನಿಮ್ಮ ಸ್ಕೂಲಲ್ಲ.”

ನಿನ್ನ ಹೆಂಡತಿ ನಕ್ಕಳು. ನಿನ್ನ ಅಮ್ಮನೂ ನಕ್ಕಳು.

ಆ ವಾರದಲ್ಲೇ ಅವಳು ನಿನ್ನ ಬಟ್ಟೆಗಳನ್ನು ಒಣಹಾಕಿ, ಬಲಗೈಯಲ್ಲಿ ಖಾಲಿ ಬಕೆಟ್ ಹಿಡಿದು ಇಳಿಯುತ್ತಿದ್ದಳು. ನಾನು ಕೆಳಗೆ ನಿಂತಿದ್ದೆ. ತಿರುವಿನಲ್ಲಿ ಅವಳ ಎಡಗೈ ಎಂದಿನಂತೆ ಕಟಾಂಜನವಿದ್ದ ಜಾಗಕ್ಕೆ ಹೋಯಿತು. ಬೆರಳುಗಳು ಮಡಿಚಿಕೊಂಡದ್ದನ್ನೂ ಕಂಡೆ. ಅವಳು ಹಿಡಿದಳು, ಮಗನೇ. ಹಿಡಿಯಲಿಲ್ಲವೆಂದು ಬರೆಯಬೇಡ.

ಅವಳು ಆಸ್ಪತ್ರೆಯಲ್ಲಿದ್ದಾಗಲೇ ಗಾಜಿನದು ಬಂದು ಕೂತಿತು. ಚೆನ್ನಾಗಿ ಹೊಳೆಯುತ್ತಿದೆ. ಇನ್ನು ಅವಳು ಮೆಟ್ಟಿಲು ಹತ್ತುವಂತಿಲ್ಲ ಎಂದಿದ್ದಾರೆ ಡಾಕ್ಟರು. ಅತ್ತೆಗೆ ಇನ್ನೊಮ್ಮೆ ಸರಿಯಾಗಿ ಬರೆ. ನಾನು ಕೇಳುವುದು ಅಷ್ಟೇ. ನಿನಗೂ ಸೊಸೆಗೂ ಆಯುರಾರೋಗ್ಯವಿರಲಿ.

ನಿನ್ನ ಅಪ್ಪ

ತಾ.ಕ.: ಇಷ್ಟು ಬರೆದು ಮುಗಿಸುವಷ್ಟರಲ್ಲಿ ಅತ್ತೆಯೇ ಬಂದಳು. “ಹೇಗೆ ಬಿದ್ರಿ ಅತ್ತಿಗೆ?” ಎಂದು ಕೇಳಿದಳು. ಹಾಸಿಗೆಯ ಪಕ್ಕ ಕೂತಿದ್ದ ನಾನು ಬಾಯಿ ತೆರೆದೆ. ಅಷ್ಟರಲ್ಲಿ ನಿನ್ನ ಅಮ್ಮ, “ನಂದೇ ತಪ್ಪು ಕಣೇ, ಕಟಾಂಜನ ಹಿಡ್ಕೊಳ್ಲಿಲ್ಲ” ಎಂದು ಹೊದಿಕೆಯ ಅಡಿಯಲ್ಲಿ ನನ್ನ ಕೈಯನ್ನು ಬಲವಾಗಿ ಅದುಮಿದಳು. ಜೀವಮಾನವೆಲ್ಲ ಪರರ ಮಕ್ಕಳ ವಾಕ್ಯಗಳನ್ನು ತಿದ್ದಿದವನು ಅದೊಂದನ್ನು ಹಾಗೆಯೇ ಬಿಟ್ಟೆ. ನೀನು ಇನ್ನೇನೂ ಬರೆಯಬೇಕಾಗಿಲ್ಲ.

೧೪ ಜುಲೈ ೨೦೧೪, ಸೋಮವಾರ, ಸಂಜೆ ನಾಲ್ಕು ಗಂಟೆ ಹತ್ತು ನಿಮಿಷ.