ಚೀಟಿಯ ಹಿಂಬದಿ

ಅಕ್ಟೋಬರ್ 6, ಭಾನುವಾರ. ಬೆಳಿಗ್ಗೆ 9.20

ಮೂವತ್ತೊಂದು ಚೀಟಿ. ಒಂದಕ್ಕೆ ಚೂಯಿಂಗ್ ಗಮ್ ಅಂಟಿದೆ. ಇನ್ನೊಂದು ಒದ್ದೆ — ಯಾತರಿಂದ ಒದ್ದೆ ಎಂದು ಯೋಚಿಸದಿರುವುದೇ ವಾಸಿ. ಥೂ. ಮದುವೆಯಾಗಿ ನಲವತ್ತೊಂದು ದಿನ. ಹನಿಮೂನ್ ಎಂದರೆ ಯಾರ್ಯಾರದೋ ಜೇಬಿನ ಕಸವನ್ನು ಬಿಡಿಸಿ ಮಡಿಕೆ ತೀಡುವುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಆದರೂ ಐ ಲವ್ ಇಟ್. ಅವರ ಪಕ್ಕ ಕುಳಿತು ಮಾಡುವ ಯಾವ ಕೆಲಸವೂ ಸೈ.

ಭಾನುವಾರ ಹತ್ತಕ್ಕೆ ನಮ್ಮ ಕನ್ನಡಕದ ಅಂಗಡಿಯ ಮೇಲಿನ ಹಾಲ್‌ನಲ್ಲಿ ನನ್ನವರ ಕ್ಲಾಸು. ಕಾಲೇಜು ವಯಸ್ಸಿನವರೇ ಎಲ್ಲ. ನಡುವೆ ಪರದೆ, ಈಚೆ ನಾವು ಹುಡುಗಿಯರು, ಆಚೆ ಹುಡುಗರು. ದೀನಿನ, ಅಂದರೆ ಧರ್ಮದ ಬಗ್ಗೆ ಏನು ಬೇಕಾದರೂ ಕೇಳಬಹುದು, ಹೆಸರು ಬರೆಯಬೇಕಿಲ್ಲ. ಲೆನ್ಸ್ ತೊಳೆಯುವ ದ್ರಾವಣದ ರಟ್ಟಿನ ಡಬ್ಬಕ್ಕೆ ಸೀಳು ಕೊರೆದು ಕೌಂಟರ್ ಮೇಲೆ ಇಟ್ಟಿದ್ದಾರೆ; ವಾರವಿಡೀ ತುಂಬುತ್ತದೆ. ನಾನು ಬಿಡಿಸಿ ಮೂರು ಕಟ್ಟು ಮಾಡಬೇಕು — ಇವತ್ತು, ಆಮೇಲೆ, ಬೇಡ. ಅವರು ಓದಿ ಒಂದೊಂದು ನಿಮಿಷದಲ್ಲಿ ಉತ್ತರ ಕೊಡುತ್ತಾರೆ. ವಾಚು ನೋಡಿಕೊಂಡು.

ಈ ವಾರದ್ದು: ಉಗುರಿಗೆ ಪಾಲಿಶ್ ಇದ್ದರೆ ನಮಾಜಿಗೆ ಮುಂಚಿನ ವುಝೂ ಆಗುತ್ತದೆಯೇ? (ಇಲ್ಲ, ನೀರು ತಾಗಬೇಕು. ನಾನು ನನ್ನ ಬೆರಳು ಮಡಚಿಕೊಂಡೆ.) ರೋಜಾ ಇದ್ದಾಗ ಕಣ್ಣಿಗೆ ಡ್ರಾಪ್ಸ್ ಹಾಕಬಹುದೇ? ಬೆಕ್ಕಿನ ಕೂದಲು ಅಂಟಿದ ಅಂಗಿಯಲ್ಲಿ ನಮಾಜ್ ಆಗುತ್ತದೆಯೇ? ಎಲ್ಲವನ್ನೂ ಅಲ್ಲಾಹ್ ಮೊದಲೇ ಬರೆದಿಟ್ಟಿದ್ದಾನೆಂದರೆ ನಾನು ಕೆಮಿಸ್ಟ್ರಿ ಯಾಕೆ ಓದಬೇಕು? ಇದಕ್ಕೆ ನಾನು ನಕ್ಕು ನಕ್ಕು ಬಿದ್ದೆ. 'ಆಮೇಲೆ' ಕಟ್ಟಿಗೆ ಹಾಕು ಎಂದರು. ಯಾಕೆ ಅಂದರೆ, ಒಂದು ನಿಮಿಷದಲ್ಲಿ ಆಗೋಲ್ಲ ಅಂದರು.

ಅವರ ಕಿವಿ ಹಿಂದೆ ಒಂದು ಮಚ್ಚೆ ಇದೆ. ಬರೆದಿಡುತ್ತಿದ್ದೇನೆ.

ಅಕ್ಟೋಬರ್ 7, ಸೋಮವಾರ

ಅಂಗಡಿಯಲ್ಲಿ ಅವರು ಕಣ್ಣು ಪರೀಕ್ಷಿಸುವುದನ್ನು ನೋಡುತ್ತಾ ಕುಳಿತೆ. ಕತ್ತಲ ಕೋಣೆ, ಬೆಳಕಿನ ಅಕ್ಷರಗಳು. ಒಂದು ಗಾಜು ಹಾಕುತ್ತಾರೆ, ತೆಗೆದು ಇನ್ನೊಂದು ಹಾಕುತ್ತಾರೆ. ಇದು ಸ್ಪಷ್ಟವಾ, ಅದು ಸ್ಪಷ್ಟವಾ? ಒಬ್ಬ ಅಜ್ಜ ಉತ್ತರ ಹೇಳದೆ ತಲೆ ತೂಗಿದ. ಅವರು ಬಿಡಲಿಲ್ಲ. "ತಲೆ ಆಡಿಸಿದ್ರೆ ಆಗಲ್ಲ ಅಜ್ಜಾ, ಬಾಯಿ ಬಿಟ್ಟು ಹೇಳಿ. ಹಾಕ್ಕೊಂಡು ಓಡಾಡೋದು ನಾನಲ್ಲ, ನೀವು." ಎಷ್ಟು ತಾಳ್ಮೆ. ಏಳು ಸಲ ಕೇಳಿದರು. ನನಗೆ ಎದ್ದು ಹೋಗಿ ಅಪ್ಪಿಕೊಳ್ಳಬೇಕೆನಿಸಿತು.

ಹಿಂದಿನ ರೂಮಿನಲ್ಲಿ ನಾದಿನಿ ಲೆನ್ಸ್ ತಿಕ್ಕುತ್ತಾಳೆ. ಸಾಸಿವೆ ಎಂದು ನಾನಿಟ್ಟ ಹೆಸರು. ಅಷ್ಟೇ ಗಾತ್ರ, ಅಷ್ಟೇ ಮಾತು. ಸಿಡಿದರೆ ಮಾತ್ರ ಗೊತ್ತಾಗಬೇಕು, ಇನ್ನೂ ಸಿಡಿದಿಲ್ಲ. ಇಪ್ಪತ್ತೊಂದು ವರ್ಷ. ಅವಳ ಸ್ವಂತ ಕನ್ನಡಕ ಮೈನಸ್ ಏಳು — ಬಾಟಲಿಯ ತಳ. ಮಾವ ತೀರಿಕೊಂಡಾಗ ಅವಳಿಗೆ ಒಂಬತ್ತು. ಸಾಕಿ ಬೆಳೆಸಿದ್ದು ಇವರೇ. ಅಣ್ಣ ಎಂದರೆ ದೇವರ ತಮ್ಮ ಎನ್ನುವ ಹಾಗೆ ನೋಡುತ್ತಾಳೆ.

ನನ್ನ ಈ ಡೈರಿಯ ಕಾಗುಣಿತ ತಿದ್ದಿಕೊಟ್ಟದ್ದೂ ಅವಳೇ, ಮೊದಲ ನಾಲ್ಕು ಪುಟ. ಸ್ಕೂಲಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು ನಮ್ಮನ್ನು. ಅದಕ್ಕೇ ಗುಟ್ಟೆಲ್ಲ ಕನ್ನಡದಲ್ಲಿ.

ಅಕ್ಟೋಬರ್ 9, ಬುಧವಾರ. ಸಂಜೆ

ಸಾಸಿವೆಯನ್ನು ನೋಡಲು ಬಂದಿದ್ದರು. ಗಂಡು, ಅವನ ತಾಯಿ. ಅತ್ತೆಯ ಕಡೆಯ ದೂರದ ನೆಂಟರು, ಟೈಲ್ಸ್ ವ್ಯಾಪಾರ.

ಗಂಡು ಹಲ್ಲಿನ ಸಂದಿಯಿಂದ ಏನೋ ತೆಗೆದ. ಬೆರಳಲ್ಲಿ ಉರುಟು ಮಾಡಿದ. ನಮ್ಮ ಸೋಫಾದ ಅಡಿಗೆ ಒರೆಸಿದ. ನಾನು ನೋಡಿದೆ. ನಾನು ನೋಡಿದ್ದನ್ನು ಅವನೂ ನೋಡಿದ, ಮುಗುಳ್ನಕ್ಕ. ಛೀ.

ತಾಯಿ ಹೆಬ್ಬೆರಳಿನಿಂದ ಸಾಸಿವೆಯ ಗಲ್ಲ ಎತ್ತಿದರು, ಸಂತೆಯಲ್ಲಿ ಕುಂಬಳಕಾಯಿ ತಿರುಗಿಸಿದ ಹಾಗೆ. ಆ ಕನ್ನಡಕ ತೆಗಿ ನೋಡೋಣ, ಮುಖಾನೇ ಕಾಣ್ತಿಲ್ಲ ಅಂದರು. ಇವರು — ನನ್ನವರು, ನನ್ನ ಬಂಗಾರ — ಎದ್ದು ಬಂದು ತಂಗಿಯ ಮೂಗಿನಿಂದ ಕನ್ನಡಕ ತೆಗೆದು ಮಡಚಿ ತಮ್ಮ ಜೇಬಿಗೆ ಹಾಕಿಕೊಂಡರು. ಎಷ್ಟು ನಾಜೂಕಾಗಿ! ವೃತ್ತಿಯ ಕೈ. ನೆಂಟರು ಹೋಗುವವರೆಗೂ ಅದು ಜೇಬಲ್ಲೇ ಇತ್ತು. ಒಂದು ಗಂಟೆ.

ಹುಡುಗ ಹುಡುಗಿ ಒಬ್ಬರನ್ನೊಬ್ಬರು ನೋಡಲಿ, ಅದು ನಮ್ಮಲ್ಲಿ ಹಕ್ಕು ಎಂದು ಇವರೇ ದೊಡ್ಡದಾಗಿ ಹೇಳಿದರು. ಇಬ್ಬರನ್ನೂ ಎದುರುಬದುರು ಕೂರಿಸಿದರು.

ಆಮೇಲೆ ಅತ್ತೆ ಕೇಳಿದರು, ಏನಮ್ಮಾ, ಹೂಂ ತಾನೆ? ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು. "ನಾಚಿಕೆ ನೋಡಿ," ಎಂದರು ಅತ್ತೆ. ಎಲ್ಲರೂ ಸಿಹಿ ತಿಂದೆವು. ನಾನು ನಾಲ್ಕು ತಿಂದೆ.

ಅಕ್ಟೋಬರ್ 13, ಭಾನುವಾರ. ಮಧ್ಯಾಹ್ನ

ಸೋಪಿನಿಂದ ಬಾಯಿ ತೊಳೆದುಕೊಂಡರೆ ನಗು ಹೋಗುತ್ತದೆಯೇ? ಇದನ್ನು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಬೇಕು.

ಇವತ್ತು ನಾನು ಲೇಟಾಗಿ ಎದ್ದೆ. ಚೀಟಿಗಳನ್ನು ಗಡಿಬಿಡಿಯಲ್ಲಿ ಬಿಡಿಸಿದೆ, ಮೊದಲ ಸಾಲು ಮಾತ್ರ ನೋಡಿ ಕಟ್ಟು ಮಾಡಿದೆ. ಕ್ಲಾಸಿನಲ್ಲಿ ಇವರು ಆರನೆಯದನ್ನು ಓದಿದರು: ನಿಕಾಹ್‌ಗೆ ಕೇಳಿದಾಗ ಹುಡುಗಿ ಸುಮ್ಮನಿದ್ದರೆ ಅದು ಒಪ್ಪಿಗೆಯೇ?

ಹೌದು ಎಂದರು. ಮೊದಲ ಮದುವೆಯ ಹುಡುಗಿಗೆ ಬಾಯಿಬಿಡಲು ನಾಚಿಕೆ. ಅವಳ ಮೌನವೇ ಅವಳ ಮಾತು. ವಾಚು ನೋಡಿದರು. ಇನ್ನೂ ಇಪ್ಪತ್ತು ಸೆಕೆಂಡು ಉಳಿದಿತ್ತೇನೋ. "ಹುಡುಗೀರು ಸುಮ್ನಿರೋದೇ ಅಪರೂಪ. ಇದ್ದಾಗ ಬೇಗ ನಿಕಾಹ್ ಮುಗಿಸಿಬಿಡಿ."

ಪರದೆಯ ಆಚೆ ಹೋ ಎಂದು ನಕ್ಕರು. ಈಚೆಯೂ. ನಾನೇ ಎಲ್ಲರಿಗಿಂತ ಜೋರಾಗಿ. ಜಾಣ ಗಂಡನ ಹೆಂಡತಿ, ನಗದಿದ್ದರೆ ಹೇಗೆ? ಸಾಸಿವೆ ನನ್ನ ಎಡಕ್ಕೇ ಕುಳಿತಿದ್ದಳು. ನಗಲಿಲ್ಲ. ಅವಳು ಯಾವಾಗ ನಗುತ್ತಾಳೆ ಎಂದುಕೊಂಡೆ.

ಎಲ್ಲರೂ ಹೋದ ಮೇಲೆ ಚೀಟಿ ಗುಡಿಸುವಾಗ ಅದು ಕೈಗೆ ಬಂತು. ನಮ್ಮ ಅಂಗಡಿಯ ಪವರ್ ಬರೆಯುವ ಹಾಳೆ, ಅರ್ಧ ಹರಿದದ್ದು. ಇರುವೆ ಸಾಲಿನಂಥ ಅಕ್ಷರ, ಬಲಕ್ಕೆ ಇಳಿಯುತ್ತದೆ — ಕಾಗದಕ್ಕೆ ಮೂಗು ತಾಗಿಸಿ ಬರೆಯುವವರ ಅಕ್ಷರ. ನನ್ನ ಕಾಗುಣಿತ ತಿದ್ದಿದ ಅಕ್ಷರ. ತಿರುಗಿಸಿದೆ. ಹಿಂಬದಿಯಲ್ಲಿ ಇನ್ನೊಂದು ಸಾಲು. ಅದನ್ನು ನಾನೂ ಓದಿರಲಿಲ್ಲ, ಅವರೂ ತಿರುಗಿಸಿರಲಿಲ್ಲ.

'ಅವಳಿಗೆ ಏನೂ ಕಂಡೇ ಇರದಿದ್ದರೆ?'

ಅಕ್ಟೋಬರ್ 14, ಸೋಮವಾರ

ಹಿಂದಿನ ರೂಮಿಗೆ ಹೋಗಿ ಚೀಟಿ ತೋರಿಸಿದೆ. ಮೆಷಿನ್ ನಿಲ್ಲಿಸಲಿಲ್ಲ. ಲೆನ್ಸಿನ ಅಂಚನ್ನು ತಿಕ್ಕುತ್ತಲೇ ಇದ್ದಳು, ಬಿಳಿ ಪುಡಿ ಮೊಣಕೈವರೆಗೆ.

ಅವತ್ತು ಕನ್ನಡಕ ಇಲ್ಲದೆ ಏನು ಕಂಡಿತು ನಿನಗೆ ಅಂದೆ. ಒಂದು ಬಿಳಿ ಅಂಗಿ ಅಂದಳು. ಅದರ ಮೇಲೆ ಒಂದು ಬಣ್ಣ, ಮುಖ ಇರಬೇಕು.

ಬೇಡ ಅಂತ ಹೇಳೇ, ಅಂದೆ.

"ಯಾರಿಗೆ ಹೇಳಲಿ ಅತ್ತಿಗೆ? ಎದುರು ನಿಂತು ಅಣ್ಣಂಗೆ ಇಲ್ಲ ಅಂದು ಅಭ್ಯಾಸ ಇಲ್ಲ ನಂಗೆ. ಅದಕ್ಕೇ ಡಬ್ಬಕ್ಕೆ ಹಾಕಿದ್ದು. ಉತ್ತರ ಬಂತಲ್ಲ. ನೀವೂ ನಕ್ಕಿರಲ್ಲ."

ಚೀಟಿಯನ್ನು ಮಡಚಿಕೊಂಡು ಬಂದೆ.

ಅಕ್ಟೋಬರ್ 15, ಮಂಗಳವಾರ

ಹೇಳಿದೆ ಇವರಿಗೆ. ಊಟ ಮಾಡುತ್ತಿದ್ದರು. ಚೀಟಿಯ ಎರಡೂ ಬದಿ ತೋರಿಸಿದೆ. ಓದಿದರು. ತಟ್ಟೆಯ ಪಕ್ಕ ಇಟ್ಟರು. ಎಣ್ಣೆಯ ಕಲೆ ಹರಡಿತು. ಮಕ್ಕಳಿಗೆ ಮದುವೆ ಅಂದರೆ ಹೆದರಿಕೆ ಇದ್ದದ್ದೇ, ನೀನು ಉಪ್ಪು ಖಾರ ಹಚ್ಚಬೇಡ ಎಂದರು. ಮಾತು ಕೊಟ್ಟಾಗಿದೆ, ನವೆಂಬರ್ ಎಂಟಕ್ಕೆ ನಿಕಾಹ್. ಆಮೇಲೆ ಬೆರಳು ನೆಕ್ಕಿದರು, ಒಂದೊಂದಾಗಿ, ಐದೂ.

ಮೊನ್ನೆಯವರೆಗೆ ನನಗೆ ಆ ಬೆರಳುಗಳೆಂದರೆ ಪ್ರಾಣ. ಇವತ್ತು ಗೋಡೆ ನೋಡಿದೆ.

ಅಕ್ಟೋಬರ್ 19, ಶನಿವಾರ. ಬೆಳಿಗ್ಗೆ 11

ಮಸೀದಿಯ ಹಜ್ರತ್ ಅಂಗಡಿಗೆ ಬಂದಿದ್ದರು. ಎಂಬತ್ತು ದಾಟಿರಬೇಕು, ಕನ್ನಡಕದ ಕಡ್ಡಿ ಸಡಿಲವಾಗಿತ್ತು. ಇವರು ಬಗ್ಗಿ ಸ್ಕ್ರೂ ಬಿಗಿಯುತ್ತಿದ್ದರು. ನಾನು ಚಹಾ ಕೊಟ್ಟು ಅಲ್ಲೇ ಕೇಳಿಬಿಟ್ಟೆ, ಇವರ ಕಿವಿಗೆ ಬೀಳುವಷ್ಟು ಗಟ್ಟಿಯಾಗಿ: ಹುಡುಗಿಯ ಮೌನ ಒಪ್ಪಿಗೆಯೇ?

ಹಜ್ರತ್ ಚಹಾ ಊದಿದರು. ನನಗೆ ಅವರ ಮುಖದ ಬದಲು ಕಣ್ಣುಗುಡ್ಡೆಯ ಪೊರೆ ಕಾಣುತ್ತಿತ್ತು.

"ಅದು ನಾಚಿಕೆಗೆ ಕೊಟ್ಟ ರಿಯಾಯಿತಿ ಮಗಳೇ, ಹೆದರಿಕೆಗಲ್ಲ. ಯಾವ ಮೌನ ಯಾವುದು ಅಂತ ಗೊತ್ತಾಗ್ದಿದ್ರೆ ಮತ್ತೆ ಕೇಳ್ಬೇಕು. ಒಲ್ಲದ ಹುಡುಗಿಯ ನಿಕಾಹ್ ನಾನು ಓದಲ್ಲ."

ಇವರು ತಲೆ ಎತ್ತಲಿಲ್ಲ. ಸ್ಕ್ರೂ ಬಿಗಿಯಾಗಿ ಎಷ್ಟೋ ಹೊತ್ತಾಗಿತ್ತು, ತಿರುಗಿಸುತ್ತಲೇ ಇದ್ದರು. ಹಜ್ರತ್ ಹೋದ ಮೇಲೆ ಒಂದೇ ಮಾತು: ಅಂಗಡಿಯಲ್ಲಿ ಮನೆಯ ವಿಷಯ ಬೇಡ.

ಆದರೆ ನಾನು ಹುಡುಗಿ ಯಾರೆಂದು ಹಜ್ರತರಿಗೆ ಹೇಳಲಿಲ್ಲ. ಬಾಯಿವರೆಗೆ ಬಂದದ್ದನ್ನು ನುಂಗಿದೆ. ಒಳ್ಳೆ ಸೊಸೆ ಅನ್ನಿಸಿಕೊಳ್ಳಬೇಕಲ್ಲ. ನನ್ನ ಮೇಲೆ ನನಗೇ ಹೇಸಿಗೆ.

ನವೆಂಬರ್ 5, ಮಂಗಳವಾರ

ಬರೆದು ಎರಡು ವಾರ ದಾಟಿತು. ಏನು ಬರೆಯಲಿ? ಬಟ್ಟೆ, ಡಬ್ಬಿ, ನೆಂಟರು. ಮನೆ ತುಂಬ ಬೇರೆಯವರ ಚಪ್ಪಲಿಯ ವಾಸನೆ.

ನನಗೆ ಊಟ ಸೇರುತ್ತಿಲ್ಲ. ಎರಡು ಸಲ ಬಚ್ಚಲಿಗೆ ಓಡಿದೆ. ಅತ್ತೆ ಬಾಗಿಲಲ್ಲಿ ನಿಂತು ಹೂವಿನಂತೆ ಅರಳಿದರು. ಏನೂ ಇಲ್ಲ ಅತ್ತೆ ಎಂದರೆ ಕೇಳಬೇಕಲ್ಲ. ಸಂಜೆಯ ಹೊತ್ತಿಗೆ ಮೂವರು ನೆಂಟರು ನನ್ನ ಹೊಟ್ಟೆಗೆ ದುವಾ ಮಾಡಿದರು. ನಿಜಕ್ಕೂ ಏನೂ ಇಲ್ಲ. ಟೆಸ್ಟ್ ಮಾಡಿ ನೋಡಿದ್ದೇನೆ. ಇದು ಮಗು ಅಲ್ಲ, ಈ ಮನೆ.

ಅತ್ತೆ ನನಗೊಂದು ಡ್ಯೂಟಿ ಕೊಟ್ಟಿದ್ದಾರೆ. ಶುಕ್ರವಾರ ಸಾಕ್ಷಿಗಳು ಒಪ್ಪಿಗೆ ಕೇಳಲು ಬಂದಾಗ ನಾನು ಸಾಸಿವೆಯ ಪಕ್ಕ ಕೂರಬೇಕು. "ನಿನ್ನ ಕೈ ಅವಳ ತಲೆ ಮೇಲಿರ್ಲಿ. ನಾಚಿಕೆಗೆ ಹೂಂ ಅಂತ ಕುತ್ತಿಗೆ ಬಗ್ಗಲ್ಲ. ನೀನು ಸ್ವಲ್ಪ ಒತ್ತು, ಸಾಕು."

ನನ್ನ ನಿಕಾಹ್ ದಿನ ದೊಡ್ಡಮ್ಮ ಒತ್ತಿದ್ದು ನೆನಪಾಯಿತು. ನಾನು ಆಗಲೇ ಹೂಂ ಹೂಂ ಎಂದು ಮೂರು ಸಲ ಹೇಳಿ ನಗುತ್ತಿದ್ದೆ. ಒತ್ತಿದ್ದು ತಮಾಷೆ ಎನಿಸಿತ್ತು. ಆ ಕೈ ಹೇಗಿದ್ದರೂ ಅಲ್ಲಿರುತ್ತಿತ್ತು ಎಂದು ಹೊಳೆದೇ ಇರಲಿಲ್ಲ.

ಸರಿ ಅತ್ತೆ, ಅಂದೆ. ಅಂದುಬಿಟ್ಟೆ.

ನವೆಂಬರ್ 8, ಶುಕ್ರವಾರ. ಸಂಜೆ 5.40

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಹನ್ನೊಂದು ಗಂಟೆಗೆ ಅವಳಿಗೆ ಬಟ್ಟೆ ಉಡಿಸಿದರು. ಕನ್ನಡಕ ಬೇಡವೆಂದು ಅತ್ತೆ ನನ್ನ ಕೈಗೆ ಕೊಟ್ಟರು. ಮೂಗಿನ ಮೇಲೆ ಎರಡು ಕೆಂಪು ಕುಳಿ ಉಳಿದವು. ಅದಕ್ಕೂ ಪೌಡರ್ ತುಂಬಿದರು. ರೂಮಿನಲ್ಲಿ ಹದಿನೈದು ಹೆಂಗಸರು. ಅತ್ತರು, ಬೆವರು, ಯಾರದೋ ಮಗುವಿನ ವಾಂತಿ. ಕೆಳಗೆ ಹಾಲ್‌ನಲ್ಲಿ ಗಂಡಿನ ಕಡೆಯವರು, ಹಜ್ರತ್, ಎಲ್ಲರೂ ಕಾಯುತ್ತಿದ್ದರು.

ಇವರೇ ಬಂದರು, ಮಾವನ ಜಾಗದಲ್ಲಿ, ಇಬ್ಬರು ಸಾಕ್ಷಿಗಳ ಜೊತೆ. ಗಂಡಿನ ಹೆಸರು ಹೇಳಿ ಒಪ್ಪಿಗೆಯಾ ಎಂದರು. ದನಿ ಕ್ಲಾಸಿನದು. ಅವಳು ಮಾತಾಡಲಿಲ್ಲ. ಹಿಂದಿನಿಂದ ಒಬ್ಬರು, ಸುಮ್ನಿದ್ದಾಳೆ, ಆಯ್ತು ಆಯ್ತು ಅಂದರು. ಸಾಕ್ಷಿಯೊಬ್ಬರು ಆಗಲೇ ತಿರುಗಿದರು. ಅತ್ತೆ ನನ್ನ ಮೊಣಕೈ ತಿವಿದರು.

ನನ್ನ ಕೈ ಅವಳ ತಲೆಯ ಮೇಲಿತ್ತು. ಕೆಳಗೆ ಅವಳ ಕುತ್ತಿಗೆ ಕಂಬದಂತೆ ಸೆಟೆದಿತ್ತು. ನಾಚಿದ ಕುತ್ತಿಗೆ ಹೀಗಿರುವುದಿಲ್ಲ, ನನಗೆ ಗೊತ್ತು — ನನ್ನದೂ ಒಂದು ಕುತ್ತಿಗೆ ಇತ್ತಲ್ಲ.

ಕೈ ತೆಗೆದೆ. ಕನ್ನಡಕ ಬಿಡಿಸಿ ಅವಳ ಮೂಗಿಗೆ ಏರಿಸಿದೆ. ಪೌಡರ್ ಗಾಜಿಗೆ ಮೆತ್ತಿತು. ಸೆರಗಿನಿಂದ ಒರೆಸಿ ಮತ್ತೆ ಹಾಕಿದೆ. ಅವಳು ರೆಪ್ಪೆ ಬಡಿದಳು. ಮೊದಲು ನನ್ನನ್ನು ನೋಡಿದಳು, ಆಮೇಲೆ ಅಣ್ಣನನ್ನು.

ಇವರಿಗೆ ಹೇಳಿದೆ. ನನ್ನ ದನಿ ಕೀರಲಾಗಿತ್ತು. "ಅಂಗಡಿಲಿ ಕೇಳ್ತೀರಲ್ಲ, ಹಾಗೆ ಕೇಳಿ. ತಲೆ ಆಡಿಸಿದ್ರೆ ಆಗಲ್ಲ. ಹಾಕ್ಕೊಂಡು ಓಡಾಡೋದು ನೀವಲ್ಲ."

ಒಂದು ಮಗು ಮಾತ್ರ ಅಳುತ್ತಿತ್ತು. ಇವರ ಮುಖ ಕೆಂಪಾಯಿತು, ಬಿಳಿಯಾಯಿತು. ಹೊರಟುಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಅವಳ ಮುಂದೆ ಕುಕ್ಕುರುಗಾಲಲ್ಲಿ ಕುಳಿತರು. ಕ್ಲಾಸಿನ ದನಿ ಬಿಟ್ಟು, ಅಜ್ಜನಿಗೆ ಕೇಳಿದ ದನಿಯಲ್ಲಿ ಕೇಳಿದರು, ನಿಂಗೆ ಬೇಕಾ, ಬೇಡವಾ?

"ಬೇಡ ಅಣ್ಣಾ."

ಸಿಡಿಯಿತು ಸಾಸಿವೆ. ಸದ್ದು ಎಷ್ಟು ಸಣ್ಣದು.

ಅತ್ತೆ ಗೋಡೆಗೆ ಒರಗಿದರು. ಹಜ್ರತರಿಗೆ ಹೇಳಲು ಇವರೇ ಮೆಟ್ಟಿಲಿಳಿದು ಹೋದರು. ಕೆಳಗಿನಿಂದ ಕುರ್ಚಿ ಬಿದ್ದ ಸದ್ದು, ಗಂಡಿನ ತಾಯಿಯ ಬೈಗುಳ — ಕುರುಡಿ ಎಂದದ್ದು ಸ್ಪಷ್ಟ ಕೇಳಿಸಿತು. ಒಂದು ಗಂಟೆಯಲ್ಲಿ ಹಾಲ್ ಖಾಲಿ. ಎಂಜಲು ತಟ್ಟೆ, ನೊಣ.

ಸಾಸಿವೆ ನನ್ನ ಮಂಚದಲ್ಲೇ ನಿದ್ದೆ ಹೋಗಿದ್ದಾಳೆ, ಕನ್ನಡಕ ಹಾಕಿಕೊಂಡೇ. ಅತ್ತೆ ನನ್ನ ಜೊತೆ ಮಾತು ಬಿಟ್ಟಿದ್ದಾರೆ, ಎಷ್ಟು ದಿನವೋ. ನನಗೆ ಖುಷಿಯೇನೂ ಆಗುತ್ತಿಲ್ಲ. ಎಲ್ಲರ ಮೇಲೂ, ಆ ಡಬ್ಬದ ಮೇಲೂ, ನಕ್ಕ ನನ್ನ ಬಾಯಿಯ ಮೇಲೂ ಇನ್ನೂ ಹೇಸಿಗೆ. ಮತ್ತೆ ಇವರ ಮೇಲೆ — ಕುಕ್ಕುರುಗಾಲಲ್ಲಿ ಕುಳಿತಾಗ ಕಿವಿಯ ಹಿಂದಿನ ಮಚ್ಚೆ ಕಂಡಿತು. ನೋಡಬಾರದಿತ್ತು.

ಬಾಗಿಲು ತಟ್ಟುತ್ತಿದ್ದಾರೆ. ಇವರೇ. ಈ ರೂಮಿಗೆ ಎಂದೂ ತಟ್ಟಿ ಬಂದವರಲ್ಲ.

ಒಳಗೆ ಬರಲಾ ಎಂದು ಕೇಳಿದರು.

ನಾನು ಸುಮ್ಮನಿದ್ದೇನೆ. ಬರಲಿಲ್ಲ. ಅಲ್ಲೇ ನಿಂತಿದ್ದಾರೆ. ಬಾಗಿಲ ಕೆಳಗೆ ಅವರ ಕಾಲಿನ ನೆರಳು. ಮತ್ತೆ ಕೇಳುತ್ತಿದ್ದಾರೆ.