ಪಡಸಾಲೆ ಸಾರಿಸಬೇಡ

ಅಮರಕ್ಕಾ,

ಇವತ್ತು ಪಡಸಾಲೆ ಸಾರಿಸಬೇಡ, ಕೋಳಿಗಳನ್ನೂ ಒಳಗೆ ಬಿಡಬೇಡ. ನೆಲದ ತುಂಬ ನನ್ನ ತ್ರಿಕೋನಮಿತಿ ಇದೆ. ಇಡೀ ರಾಯಚೂರು ಜಿಲ್ಲೆಯಲ್ಲಿ ಇಂಥ ಲೆಕ್ಕ ಯಾರೂ ಬಿಡಿಸಿಲ್ಲ.

ಪರೀಕ್ಷೆಯಲ್ಲೂ ಮನೆಯ ರೂಢಿಯಂತೆ ಬೆಂಚಿನ ಮೇಲೆ ಚಾಕ್‌ಪೀಸಿನಿಂದ ಬಿಡಿಸಿ, ಹಾಳೆಗೆ ಉತ್ತರವಷ್ಟೇ ಬರೆದಿದ್ದೆ. "ನಡುವಿನ ಹಂತ ಎಲ್ಲದಾವ ಬೇ? ಕಾಪಿ ಹೊಡದೀ!" ಎಂದು ಗಣಿತದ ಸರ್ ಸೊನ್ನೆ ಸುತ್ತಿದರು.

"ಮನಿಗೆ ಬರ್ರೀ ಸರ, ನೆಲದ ಮ್ಯಾಲೆ ತೋರಸ್ತೀನಿ" ಅಂದೆ. ಬರುತ್ತೇನೆ ಅಂದುಬಿಟ್ಟರು! ನೋಡಿ ಅವರು ಒಪ್ಪದಿದ್ದರೆ ನನ್ನನ್ನು ಸೈನ್ಸ್ ಬಿಡಿಸಿ ಆರ್ಟ್ಸಿಗೆ ಹಾಕುತ್ತಾರಂತೆ.

ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಕರೆತರಲು ಈಗಲೇ ಜವಳಗೇರಾ ಬಸ್ ಸ್ಟ್ಯಾಂಡಿಗೆ ಹೊರಟೆ.

ನಾಲ್ಕನೆಯ ಸಾಲಿನ ಮೇಲೆ ನಿನ್ನ ಕೂಸು ಉಚ್ಚೆ ಹೊಯ್ದು ಅದು ಅಳಿಸಿಹೋಗಿದೆ. ಅಲ್ಲೇ ಚಾಪೆ ಹಾಸಿ ಸರ್ ಅವರನ್ನು ಕೂಡಿಸು. ಆ ಸಾಲು ಮತ್ತೆ ಬರೆಯಲು ಬರುವುದಿಲ್ಲ ಅಂತಲ್ಲ ಅಕ್ಕ, ಬಸ್ಸಿನ ಹೊತ್ತಾಯಿತು.

ಹುಲಿಗೆಮ್ಮ